ಚಿಪ್ಸ್ ಲಾರಿ: ಲೋಡ್ ಮಾಡುವುದು, ಓಡಿಸುವುದು
ಚಿಪ್ಸ್ ಲೋಡಿನಲ್ಲಿ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ತುಂಬಿಬಿಡುತ್ತದೆ. ಖಾಲಿ ಕಂಟೇನರ್ ಒಳಗೆ ನಿಂತು, ಇನ್ನೊಬ್ಬರಿಗೆ ಹೊರಗಿನಿಂದ ಬಾಗಿಲು ಮುಚ್ಚಲು ಹೇಳಿ. ಬೆಳಕು ತೂರಿದ ಕಡೆ ಮಳೆನೀರೂ ತೂರುತ್ತದೆ. ಸೀಮೆಎಣ್ಣೆ, ಸೋಪಿನ ವಾಸನೆ ಉಳಿದಿದ್ದರೆ ಆ ಗಾಡಿ ಬೇಡವೇ ಬೇಡ.

ಕೊನೆಯ ಅಂಗಡಿಯ ಮಾಲು ಮೊದಲು ಒಳಗೆ ಹೋಗಲಿ, ಮೊದಲ ಅಂಗಡಿಯದ್ದು ಬಾಗಿಲ ಬಳಿ. ಸಾಸ್ ಬಾಟಲಿಗಳಂಥ ಭಾರದ ಪೆಟ್ಟಿಗೆ ತಳದಲ್ಲಿರಲಿ. ಪೆಟ್ಟಿಗೆ ಮೇಲೆ ಹತ್ತಿ ನಿಂತರೆ (ಅವಸರದಲ್ಲಿ ಎಲ್ಲರೂ ನಿಲ್ಲುತ್ತಾರೆ) ಅಂಗಡಿಗೆ ತಲುಪುವುದು ಪುಡಿಯೇ. ಸಾಲುಗಳ ನಡುವೆ ಸಂದು ಬಿಟ್ಟರೆ ಬ್ರೇಕ್ ಹಾಕಿದಾಗ ಸಾಲಿಗೆ ಸಾಲೇ ಮುಂದಕ್ಕೆ ಕುಸಿಯುತ್ತದೆ, ಸಾಲುಗಳಿಗೆ ಬೆಲ್ಟ್ ಬಿಗಿಯಿರಿ.

ಘಾಟಿ ಏರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಪ್ಯಾಕೆಟ್ ಉಬ್ಬುತ್ತವೆ; ಸೀಲ್ ದುರ್ಬಲವಾಗಿದ್ದರೆ ಬಾಯಿ ಬಿಡುತ್ತವೆ. ಎತ್ತರದ, ಹಗುರ ಗಾಡಿಯನ್ನು ಅಡ್ಡಗಾಳಿ ಸುಲಭವಾಗಿ ತಳ್ಳುತ್ತದೆ. ಸೇತುವೆ ಮೇಲೆ ವೇಗ ತಗ್ಗಿಸಿ, ಸ್ಟೇರಿಂಗ್ ಎರಡೂ ಕೈಯಲ್ಲಿ ಹಿಡಿಯಿರಿ.