ಆಗಸ್ಟ್ 1ರ ಊರಿನಲ್ಲಿ ಜನವರಿಯಲ್ಲಿ ಮನೆ ಹುಡುಕಿದ್ದು

2018ರ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದ ಅಯೋವಾ ರಾಜ್ಯದ ಅಯೋವಾ ಸಿಟಿಗೆ ಬಂದಿಳಿದೆವು. ಇಲ್ಲಿನ ಯೂನಿವರ್ಸಿಟಿಯ ಒಂದು ಲ್ಯಾಬಿನಲ್ಲಿ ನನಗೆ ಪೋಸ್ಟ್‌ಡಾಕ್ ಕೆಲಸ, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನೆಯ ಕೆಲಸ, ಸಿಕ್ಕಿತ್ತು. ಸುಮಾರು 75 ಸಾವಿರ ಜನರ ಊರು. ನಮ್ಮ ಶಿರಸಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡ್ ನೋಡುತ್ತಾ ಬೀದಿ ಬೀದಿ ಸುತ್ತಿ ಮನೆ ಹಿಡಿದಿದ್ದವನು ನಾನು. ಇಷ್ಟು ಸಣ್ಣ ಊರಿನಲ್ಲಿ ಒಂದು ವಾರ ಸಾಕು ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಲ್ಯಾಬಿನ ಹಿರಿಯರೊಬ್ಬರು ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಜಾಗ ಕೊಟ್ಟಿದ್ದರು.

ಫೋನ್ ಮಾಡಿದ ಕಡೆಯಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: "ಆಗಸ್ಟ್ 1ಕ್ಕೆ ತಾನೇ?" ಇಲ್ಲ, ಈಗಲೇ ಬೇಕು ಅಂದರೆ ಆ ಕಡೆ ಮೌನ. ಆಮೇಲೆ ಅರ್ಥವಾಯಿತು. 30 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳಿರುವ ಯೂನಿವರ್ಸಿಟಿ ಈ ಊರಿನ ನಡುವೆಯೇ ಇದೆ. ಹಾಗಾಗಿ ಇಲ್ಲಿ ಬಾಡಿಗೆ ಕರಾರುಗಳು ಹೆಚ್ಚಾಗಿ ಆಗಸ್ಟಿನಲ್ಲಿ ಶುರುವಾಗಿ ಜುಲೈ ಕೊನೆಗೆ ಮುಗಿಯುತ್ತವೆ. ಮುಂದಿನ ಆಗಸ್ಟಿನ ಮನೆಗೆ ಹಿಂದಿನ ವರ್ಷದ ಅಕ್ಟೋಬರ್, ನವೆಂಬರಿನಲ್ಲೇ ಸಹಿ ಬೀಳುತ್ತದೆ. ಜನವರಿಯಲ್ಲಿ ಉಳಿದಿರುವುದು ಎರಡೇ ಥರದ ಮನೆ. ಯಾರಿಗೂ ಬೇಡವಾದದ್ದು, ಇಲ್ಲವೇ ಯಾರೋ ಅರ್ಧಕ್ಕೆ ಬಿಟ್ಟು ಹೋಗುತ್ತಿರುವುದು.

ಮೊದಲು ನೋಡಿದ್ದು ಡೌನ್‌ಟೌನಿನ ಹೊಸ ಕಟ್ಟಡದಲ್ಲಿ ಒಂದು ಬೆಡ್‌ರೂಮಿನ ಮನೆ. ಲ್ಯಾಬಿಗೆ ನಡೆದೇ ಹೋಗಬಹುದಿತ್ತು. ತಿಂಗಳಿಗೆ 1,350 ಡಾಲರ್. ಬಾಡಿಗೆಯ ಮೂರು ಪಟ್ಟು ಸಂಬಳ ಇರಬೇಕು ಅಂತ ಮನೆ ಬಾಡಿಗೆಗೆ ಕೊಡುವ ಆಫೀಸಿನ ನಿಯಮ. ಅಂದರೆ ತಿಂಗಳಿಗೆ 4,050. ನನಗೆ ಬರುತ್ತಿದ್ದದ್ದು 4,000ದ ಆಸುಪಾಸು. 50 ಡಾಲರಿಗೆ ಮನೆ ಕೈತಪ್ಪಿತು. ಆ ಸಂಜೆ ಬಹಳ ಬೇಜಾರಾಗಿತ್ತು. ಈಗ ಯೋಚಿಸಿದರೆ, ಸಂಬಳದ ಮೂರನೇ ಒಂದು ಪಾಲನ್ನು ಪ್ರತಿ ತಿಂಗಳು ಬಾಡಿಗೆಗೆ ಸುರಿಯುವ ಕಷ್ಟದಿಂದ ಆ ನಿಯಮವೇ ನಮ್ಮನ್ನು ಉಳಿಸಿತು.

ಇನ್ನೊಂದು ತೊಡಕು, ಇಲ್ಲಿ ನಮಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ ಪಡೆದು ಸರಿಯಾಗಿ ತೀರಿಸಿದ ದಾಖಲೆ, ಇರಲಿಲ್ಲ. ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೂಡ ಬಂದಿರಲಿಲ್ಲ. ಅರ್ಜಿ ಹಾಕಿದಾಗಲೆಲ್ಲ 40 ಡಾಲರ್ ಶುಲ್ಕ, ಅದು ವಾಪಸ್ ಬರುವುದಿಲ್ಲ. ಎರಡು ಸಲ ಕಳೆದುಕೊಂಡ ಮೇಲೆ ಅರ್ಜಿಗೆ ಮುಂಚೆಯೇ ಇಮೇಲ್ ಹಾಕಲು ಶುರು ಮಾಡಿದೆ. ನನ್ನ ಕೆಲಸದ ಆಫರ್ ಲೆಟರ್ ಲಗತ್ತಿಸಿ, "ಇಷ್ಟೇ ಇರುವುದು, ಇದು ನಡೆಯುತ್ತದೆಯೇ?" ಅಂತ ಕೇಳುತ್ತಿದ್ದೆ. ನಡೆಯಲ್ಲ ಅಂದರೆ ದುಡ್ಡಾದರೂ ಉಳಿಯುತ್ತಿತ್ತು.

ಕೊನೆಗೆ ಮನೆ ಸಿಕ್ಕಿದ್ದು ಪಕ್ಕದ ಕೋರಲ್‌ವಿಲ್‌ನಲ್ಲಿ. ಹೆಸರಿಗೆ ಬೇರೆ ಊರು, ಆದರೆ ಎಲ್ಲಿ ಇದು ಮುಗಿಯಿತು, ಎಲ್ಲಿ ಅದು ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಓದು ಮುಗಿಸಿದ ಹುಡುಗನೊಬ್ಬ ಜುಲೈವರೆಗಿನ ಕರಾರನ್ನು ಬೇರೆಯವರಿಗೆ ದಾಟಿಸಲು ಕಾಯುತ್ತಿದ್ದ. ಇದಕ್ಕೆ ಸಬ್‌ಲೀಸ್ ಅನ್ನುತ್ತಾರೆ. ನಮ್ಮಲ್ಲಿ ಲೀಸ್ ಅಂದರೆ ಭೋಗ್ಯ, ಇಡೀ ಮೊತ್ತ ಒಮ್ಮೆಲೇ ಕೊಡಬೇಕು. ಊರಿನಲ್ಲಿ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಗಾಬರಿಯಾಗಿ "ಅಷ್ಟು ದುಡ್ಡು ಎಲ್ಲಿಂದ ತಂದೆಯೋ?" ಅಂತ ಕೇಳಿದ್ದರು. ಇಲ್ಲಿ ಲೀಸ್ ಅಂದರೆ ಬರೀ ಬಾಡಿಗೆ ಕರಾರು.

ಬಾಡಿಗೆ 725 ಡಾಲರ್ ಇತ್ತು. ಖಾಲಿ ಮನೆಗೆ ಸುಮ್ನೆ ದುಡ್ಡು ಕಟ್ಟುತ್ತಿದ್ದ ಹುಡುಗ, ತಿಂಗಳಿಗೆ 100 ಡಾಲರ್ ತಾನೇ ಹಾಕುತ್ತೇನೆ ಅಂದ. ಒಪ್ಪಿಕೊಂಡೆ. ಆದರೆ ಒಂದು ವಿಷಯದಲ್ಲಿ ಮಾತ್ರ ಪಟ್ಟು ಬಿಡಲಿಲ್ಲ. ಕಟ್ಟಡದ ಮ್ಯಾನೇಜ್‌ಮೆಂಟಿನವರು ಸಬ್‌ಲೀಸಿಗೆ ಒಪ್ಪಿ ಬರೆದುಕೊಟ್ಟ ಮೇಲೆಯೇ ಹಣ ಕೊಟ್ಟೆ. ಹುಡುಗ ಒಳ್ಳೆಯವನೇ. ಆದರೂ ಕಾಗದ ಇಲ್ಲದಿದ್ದರೆ ಆ ಮನೆಯಲ್ಲಿ ನಾವು ಯಾರೂ ಅಲ್ಲ.

ಅಯೋವಾದ ಚಳಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹೀಟ್, ಅಂದರೆ ಮನೆ ಬೆಚ್ಚಗಿಡುವ ಖರ್ಚು, ಬಾಡಿಗೆಯಲ್ಲೇ ಸೇರಿದೆಯಾ? ನಮ್ಮ ಮನೆಗೆ ಸೇರಿತ್ತು. ನಮ್ಮ ಲ್ಯಾಬಿನಲ್ಲೇ ಇದ್ದ ಒಬ್ಬರು 640 ಡಾಲರಿಗೆ ಮನೆ ಹಿಡಿದು ಖುಷಿಯಾಗಿದ್ದರು. ಅಲ್ಲಿ ಗೋಡೆಯ ಬುಡದಲ್ಲಿ ಉದ್ದಕ್ಕೆ ಕರೆಂಟ್ ಹೀಟರ್. ಫೆಬ್ರುವರಿಯಲ್ಲಿ ಅವರಿಗೆ ಬಂದ ಕರೆಂಟ್ ಬಿಲ್ 160 ಡಾಲರ್. ಕೂಡಿ ನೋಡಿ, ನಮಗಿಂತ ಅವರದ್ದೇ ಜಾಸ್ತಿ ಆಯಿತು ಅಲ್ವಾ? ಬಾಡಿಗೆಯ ಅಂಕಿ ಒಂದನ್ನೇ ನೋಡಬೇಡಿ. ಹೀಟ್, ನೀರು, ಪಾರ್ಕಿಂಗ್, ಬಟ್ಟೆ ಒಗೆಯುವ ಮಶೀನಿಗೆ ಹಾಕುವ ಚಿಲ್ಲರೆ, ಎಲ್ಲವನ್ನೂ ಕೂಡಿಸಿ.

ಜುಲೈ ಕೊನೆಗೆ ಊರಿನ ಇನ್ನೊಂದು ಮುಖ ಕಂಡಿತು. ಹಳೆಯ ಮನೆ 31ಕ್ಕೆ ಖಾಲಿ ಮಾಡಬೇಕು. ಹೊಸ ಮನೆಯ ಬೀಗ ಸಿಗುವುದು 1ರ ಮಧ್ಯಾಹ್ನ. ನಡುವಿನ ರಾತ್ರಿ ಎಷ್ಟೋ ಜನರಿಗೆ ಮನೆಯೇ ಇಲ್ಲ. ಬೀದಿ ತುಂಬ ಬಾಡಿಗೆ ಟ್ರಕ್‌ಗಳು, ರಸ್ತೆ ಬದಿಯಲ್ಲಿ ಸೋಫಾ, ಹಾಸಿಗೆ. ನಮ್ಮ ಸಾಮಾನು ಆ ರಾತ್ರಿ ಅದೇ ಹಿರಿಯರ ಗ್ಯಾರೇಜಿನಲ್ಲಿತ್ತು, ನಾವು ಮತ್ತೆ ಅವರ ಬೇಸ್‌ಮೆಂಟಿನಲ್ಲಿ. ಹೀಗೆ ಬಿಟ್ಟು ಹೋಗುವ ಸಾಮಾನು ಕಸಕ್ಕೆ ಸೇರದಿರಲಿ ಅಂತ ನಗರಾಡಳಿತ ಚಾನ್ಸಿ ಸ್ವಾನ್ ಪಾರ್ಕಿಂಗ್ ಕಟ್ಟಡದಲ್ಲಿ 'ರಮೇಜ್ ಇನ್ ದ ರ‍್ಯಾಂಪ್' ಅಂತ ಮಾರಾಟ ನಡೆಸುತ್ತಿತ್ತು. ಅಲ್ಲಿ 5 ಡಾಲರಿಗೆ ತಂದ ಮೇಜಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಹೊಸ ಮನೆಯನ್ನು ಎರಡು ವರ್ಷದ ಮೇಲೆ ಬಿಟ್ಟಾಗ ಅಡ್ವಾನ್ಸಿನ ತಕರಾರು ಬಂತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಹಾಗಲ್ಲ, ಅಯೋವಾದ ಕಾನೂನಿನಲ್ಲಿ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಮನೆ ಬಿಟ್ಟು ಹೊಸ ವಿಳಾಸ ಕೊಟ್ಟ 30 ದಿನದೊಳಗೆ ಹಣ ವಾಪಸ್ ಮಾಡಬೇಕು, ಇಲ್ಲವೇ ಯಾವುದಕ್ಕೆ ಹಿಡಿದುಕೊಂಡೆವು ಅಂತ ಬರೆದು ತಿಳಿಸಬೇಕು. ನಮಗೆ ಬಂದ ಕಾಗದದಲ್ಲಿ ಕಾರ್ಪೆಟ್ ತೊಳೆದದ್ದಕ್ಕೆ 180 ಡಾಲರ್ ಮುರಿದುಕೊಂಡಿದ್ದರು. ಕಾರ್ಪೆಟ್ ಕೊಳೆಯಾಗಿರಲಿಲ್ಲ. ಮನೆಗೆ ಬಂದ ದಿನವೇ ಮೂಲೆ ಮೂಲೆಯ ಫೋಟೋ ತೆಗೆದಿಟ್ಟಿದ್ದೆವು, ಬಿಡುವ ದಿನವೂ ತೆಗೆದೆವು. ಕಾರ್ಪೆಟ್ ಹೇಗೇ ಇರಲಿ, ತೊಳೆದ ಖರ್ಚನ್ನು ತಾನಾಗಿ ಬಾಡಿಗೆದಾರರ ಮೇಲೆ ಹಾಕುವ ಷರತ್ತು ಸರಿಯಲ್ಲ ಅಂತ ಅಯೋವಾ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿತ್ತು. ಫೋಟೋಗಳ ಜೊತೆ ಅದನ್ನೂ ಬರೆದು, ಜಗಳದ ಮಾತಿಲ್ಲದೆ ಒಂದು ಪುಟದ ಪತ್ರ ಕಳಿಸಿದೆ. ಎರಡು ವಾರದಲ್ಲಿ ಚೆಕ್ ಬಂತು.

ಈಗ ಬಾಡಿಗೆಗಳು ಅಂದಿನ ಹಾಗಿಲ್ಲ, ಏರಿವೆ. ಒಂದು ಅನುಕೂಲವೂ ಆಗಿದೆ. 2023ರ ಆಗಸ್ಟಿನಲ್ಲಿ ಅಯೋವಾ ಸಿಟಿ ಬಸ್ಸುಗಳಲ್ಲಿ ಪ್ರಯಾಣ ಉಚಿತ ಮಾಡಿಬಿಟ್ಟರು. ದೂರದ ಮನೆ ಹಿಡಿಯುವವರಿಗೆ ಲೆಕ್ಕವೇ ಬದಲಾಯಿತು.

ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಹೊರಡಲಿದ್ದ ಒಂದು ಜೋಡಿ ನನಗೆ ಫೋನ್ ಮಾಡಿತ್ತು. ಅವರೂ ಜನವರಿಗೇ ಬರುವವರು. "ಅಣ್ಣಾ, ಮನೆಯ ಫೋಟೋ ಚೆನ್ನಾಗಿದೆ, ದುಡ್ಡು ಕಳಿಸಿಬಿಡ್ಲಾ?" ಅಂತ ಕೇಳಿದ ಹುಡುಗ. ಎರಡು ದಿನ ತಡೆಯಪ್ಪ ಅಂದೆ. ಶನಿವಾರ ನಾನೂ ನನ್ನ ಹೆಂಡತಿಯೂ ಹೋಗಿ ನೋಡಿದೆವು. ಅವಳು ಕಿಟಕಿಯ ಸಂದಿಗೆ ಕೈ ಹಿಡಿದು ಗಾಳಿ ಬರುತ್ತದಾ ನೋಡಿದಳು. ನಾನು ನಲ್ಲಿ ತಿರುಗಿಸಿ ಬಿಸಿನೀರು ಬರಲು ಎಷ್ಟು ಹೊತ್ತು ಬೇಕು ಅಂತ ಎಣಿಸಿದೆ. ಬಸ್ ಸ್ಟಾಪಿನವರೆಗೆ ಹಿಮದಲ್ಲಿ ನಡೆದು ಬಂದೆವು, ಆರು ನಿಮಿಷ. ಎಲ್ಲವನ್ನೂ ವಿಡಿಯೋ ಮಾಡಿ ರಾತ್ರಿ ಹುಬ್ಬಳ್ಳಿಗೆ ಕಳಿಸಿದೆವು.