ಭೂಗತ ಉಪ್ಪಿನ ಗುಮ್ಮಟಗಳನ್ನು ಗುರುತ್ವ ಸಮೀಕ್ಷೆಯಿಂದ ಅರಿಯುವ ಕ್ರಮ

ಉಪ್ಪಿನ ಗುಮ್ಮಟವೆಂದರೆ ಆಳದ ಉಪ್ಪಿನ ಪದರದಿಂದ ಮೇಲಕ್ಕೆ ಒತ್ತಿಕೊಂಡು ಬಂದ ಉಪ್ಪಿನ ರಾಶಿ; ಅದರ ಸಾಂದ್ರತೆ ಸುತ್ತಲಿನ ಶಿಲೆಗಳಿಗಿಂತ ಬೇರೆಯಿರುವಲ್ಲಿ ನೆಲದ ಮೇಲಿನ ಗುರುತ್ವವೂ ತುಸು ಬದಲಾಗುತ್ತದೆ. ಅದನ್ನು ಅಳೆಯುವ ಗುರುತ್ವಮಾಪಕವನ್ನು ಕ್ಷೇತ್ರಕ್ಕೆ ಒಯ್ಯುವ ಮೊದಲೇ ಮುಗಿಸಬೇಕಾದ ಕೆಲಸವೊಂದಿದೆ: ಆ ಪ್ರದೇಶದ ಶಿಲೆಗಳ ಸಾಂದ್ರತೆ ಆಳಕ್ಕೆ ಹೋದಂತೆ ಹೇಗೆ ಬದಲಾಗುತ್ತದೆಂದು ತಿಳಿದುಕೊಳ್ಳುವುದು. ಕಲ್ಲುಪ್ಪಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 2.16 ಗ್ರಾಂ. ಅದರಲ್ಲಿ ಹಿಂಡಿಹೋಗುವಂಥ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಎಷ್ಟು ಆಳಕ್ಕೆ ಹೂತುಹೋದರೂ ಈ ಬೆಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸುತ್ತಲಿನ ಮರಳು ಮತ್ತು ಜೇಡಿಯ ಪದರಗಳು ಮಾತ್ರ ಮೇಲ್ಭಾಗದಲ್ಲಿ 2.0ರ ಆಸುಪಾಸಿನಲ್ಲಿದ್ದು, ಮೇಲಿನ ಭಾರಕ್ಕೆ ಬಿಗಿಯುತ್ತ ಆಳದಲ್ಲಿ 2.4 ಅಥವಾ ಅದಕ್ಕೂ ಹೆಚ್ಚಿನ ಮಟ್ಟಕ್ಕೆ ಏರುತ್ತವೆ. ಹೀಗಾಗಿ ಒಂದೇ ಗುಮ್ಮಟದ ತುದಿ ತನ್ನ ನೆರೆಯ ಪದರಗಳಿಗಿಂತ ಭಾರವಾಗಿಯೂ ಬುಡ ಹಗುರವಾಗಿಯೂ ಇರಬಹುದು. ನಡುವೆ ಎರಡರ ಸಾಂದ್ರತೆ ಸಮವಾಗುವ ಮಟ್ಟದಲ್ಲಿರುವ ಉಪ್ಪು ಅಳತೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಗುಮ್ಮಟದ ನೆತ್ತಿಯ ಮೇಲೆ 2.9ರಷ್ಟು ಸಾಂದ್ರತೆಯ ಅನ್‌ಹೈಡ್ರೈಟ್ ಎಂಬ ಖನಿಜದ ಟೋಪಿಶಿಲೆ (ಉಪ್ಪನ್ನು ಟೋಪಿಯಂತೆ ಮುಚ್ಚಿರುವ ಪದರ) ಇದ್ದರೆ, ವಿಶಾಲವಾದ ಗುರುತ್ವ ತಗ್ಗಿನ ಮಧ್ಯದಲ್ಲಿ ಚಿಕ್ಕದೊಂದು ಉಬ್ಬು ಏಳುತ್ತದೆ. ಉಪ್ಪಿದ್ದಲ್ಲಿ ಗುರುತ್ವ ಕಡಿಮೆ ಎಂಬ ಪಾಠವನ್ನಷ್ಟೇ ನಂಬಿ ಹೊರಟವರು ಈ ಉಬ್ಬನ್ನು ಬೇರೇನೋ ಎಂದು ಬಗೆಯುವುದು ಸಹಜ.

ಸಾಂದ್ರತೆಗೆ ಕೊಳವೆಬಾವಿಯ ದಾಖಲೆಗಳೇ ಉತ್ತಮ ಆಧಾರ. ಅವು ಇಲ್ಲದಿದ್ದಾಗ ಸಮೀಕ್ಷೆಗಾಗಿ ನೆಲದಲ್ಲಿ ಎಬ್ಬಿಸಿದ ಭೂಕಂಪನ ತರಂಗಗಳ ವೇಗದಿಂದ ಗಾರ್ಡ್ನರ್ ಸೂತ್ರದ ಮೂಲಕ ಸಾಂದ್ರತೆಯನ್ನು ಅಂದಾಜಿಸುವ ರೂಢಿಯಿದೆ. ಆದರೆ ಆ ಸೂತ್ರವನ್ನು ಉಪ್ಪಿಗೆ ಅನ್ವಯಿಸಬಾರದು: ಉಪ್ಪಿನಲ್ಲಿ ತರಂಗಗಳು ಸೆಕೆಂಡಿಗೆ ಸುಮಾರು 4,500 ಮೀಟರ್ ವೇಗದಲ್ಲಿ ಸಾಗುವುದರಿಂದ ಸೂತ್ರವು 2.5ರಷ್ಟು ಸಾಂದ್ರತೆಯನ್ನು ಕೊಟ್ಟು, ಇಡೀ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಮುಂದೆ, ನಿರೀಕ್ಷಿತ ಸಂಕೇತದ ಗಾತ್ರವನ್ನು ಕಾಗದದ ಮೇಲೆಯೇ ಅಂದಾಜಿಸಬೇಕು. 1 ಕಿಲೋಮೀಟರ್ ತ್ರಿಜ್ಯದ ಉಪ್ಪಿನ ಗೋಳವೊಂದರ ಕೇಂದ್ರ 2 ಕಿಲೋಮೀಟರ್ ಆಳದಲ್ಲಿದ್ದು, ಅದು ಸುತ್ತಲಿಗಿಂತ ಪ್ರತಿ ಘನ ಸೆಂಟಿಮೀಟರಿಗೆ 0.2 ಗ್ರಾಂನಷ್ಟು ಹಗುರವಾಗಿದ್ದರೆ, ನೇರ ಮೇಲೆ ಸುಮಾರು 1.4 ಮಿಲಿಗ್ಯಾಲ್ (ಒಂದು ಮಿಲಿಗ್ಯಾಲ್ ಎಂದರೆ ಭೂಗುರುತ್ವದ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು) ಕೊರತೆ ಕಾಣುತ್ತದೆ. ಈ ಕೊರತೆ ಅರ್ಧಕ್ಕಿಳಿಯುವ ಅಡ್ಡದೂರವನ್ನು 1.3ರಿಂದ ಗುಣಿಸಿದರೆ ಕೇಂದ್ರದ ಆಳ ದೊರೆಯುತ್ತದೆ. ಇಲ್ಲಿ ಆ ದೂರ ಸುಮಾರು ಒಂದೂವರೆ ಕಿಲೋಮೀಟರ್. ಆದ್ದರಿಂದ ಇಂಥ ಗುರಿಗೆ ಅಳತೆ ಬಿಂದುಗಳ ನಡುವೆ ಕೆಲವು ನೂರು ಮೀಟರ್ ಅಂತರ ಸಾಕು. ಟೋಪಿಶಿಲೆಯ ಅಂಚುಗಳನ್ನು ಗುರುತಿಸಬೇಕಾದಲ್ಲಿ ಮಾತ್ರ ಅಂತರವನ್ನು ಕಿರಿದುಗೊಳಿಸಬೇಕು. ಅಳತೆಯ ಸಾಲುಗಳು ಗುಮ್ಮಟದ ಅಂಚಿನಲ್ಲೇ ನಿಲ್ಲದೆ, ಎರಡೂ ಬದಿಗಳಲ್ಲಿ ಅದರ ಪ್ರಭಾವ ಪೂರ್ತಿ ಕರಗುವಷ್ಟು ದೂರ ಸಾಗಬೇಕು. ಖರ್ಚು ಉಳಿಸಲು ಸಾಲುಗಳನ್ನು ಮೊಟಕುಗೊಳಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ದುಬಾರಿಯಾದ ಉಳಿತಾಯ.

ಕ್ಷೇತ್ರದಲ್ಲಿ ಉಪಕರಣದ ಓದು ತಾನಾಗಿ ಸರಿಯುತ್ತಿರುವುದರಿಂದ ಗಂಟೆ ಎರಡು ಗಂಟೆಗೊಮ್ಮೆ ಮೂಲಬಿಂದುವಿಗೆ ಮರಳಿ ಅಳೆಯಬೇಕು. ಚಂದ್ರ ಸೂರ್ಯರ ಸೆಳೆತದ ಪರಿಣಾಮವನ್ನು ಪ್ರತ್ಯೇಕವಾಗಿ ಕಳೆಯಬೇಕು. ಆದರೂ ತಪ್ಪು ಹೆಚ್ಚಾಗಿ ನುಸುಳುವುದು ಎತ್ತರದ ಅಳತೆಯ ಮೂಲಕ. ಒಂದು ಮೀಟರ್ ಮೇಲೇರಿದರೆ ಗುರುತ್ವ 0.3086 ಮಿಲಿಗ್ಯಾಲ್ ಇಳಿಯುತ್ತದೆ; ನಡುವಿನ ಮಣ್ಣಿನ ಸೆಳೆತವನ್ನು ಲೆಕ್ಕಕ್ಕೆ ತೆಗೆದುಕೊಂಡರೂ, 2.0 ಸಾಂದ್ರತೆಗೆ, 0.22ರಷ್ಟು ಉಳಿಯುತ್ತದೆ. ಎಂದರೆ ಎತ್ತರದಲ್ಲಿ 10 ಸೆಂಟಿಮೀಟರ್ ತಪ್ಪಿದರೆ ಫಲಿತಾಂಶದಲ್ಲಿ 0.02 ಮಿಲಿಗ್ಯಾಲ್ ತಪ್ಪುತ್ತದೆ.

ನಡುವಿನ ಮಣ್ಣಿನ ಸೆಳೆತವನ್ನು ಕಳೆಯುವ ಬೂಗೆ ತಿದ್ದುಪಡಿಗೆ ರೂಢಿಯ 2.67 ಎಂಬ ಬೆಲೆಯನ್ನು ಯಾಂತ್ರಿಕವಾಗಿ ಬಳಸದೆ, ಸ್ಥಳೀಯ ಮೇಲ್ಪದರದ ಸಾಂದ್ರತೆಯನ್ನು ಬಳಸುವುದು ಸರಿ. ಅದನ್ನು ಕಂಡುಕೊಳ್ಳಲು ನೆಟಲ್‌ಟನ್ ವಿಧಾನವಿದೆ: ಒಂದು ದಿಬ್ಬದ ಮೇಲೆ ಹಾದುಹೋಗುವ ಸಾಲಿಗೆ ಬೇರೆ ಬೇರೆ ಸಾಂದ್ರತೆಗಳನ್ನು ಹಾಕಿ ನೋಡಿ, ದಿಬ್ಬದ ಆಕಾರ ಗುರುತ್ವದ ರೇಖೆಯಲ್ಲಿ ಯಾವುದಕ್ಕೆ ಮಾಯವಾಗುತ್ತದೋ ಅದನ್ನೇ ಆರಿಸಿಕೊಳ್ಳುವುದು. ಆದರೆ ಉಪ್ಪು ಮೇಲೊತ್ತಿದ್ದರಿಂದಲೇ ಎದ್ದಿರುವ ದಿಬ್ಬದ ಮೇಲೆ ಈ ವಿಧಾನ ಸಲ್ಲದು. ಅಲ್ಲಿ ದಿಬ್ಬದ ಪರಿಣಾಮವನ್ನೂ ಅದರಡಿಯ ರಚನೆಯ ಪರಿಣಾಮವನ್ನೂ ಬೇರ್ಪಡಿಸಲಾಗುವುದಿಲ್ಲ.

ಪ್ರಾದೇಶಿಕ ಹಿನ್ನೆಲೆಯನ್ನು, ಎಂದರೆ ಇಡೀ ಪ್ರದೇಶದಲ್ಲಿ ನಿಧಾನವಾಗಿ ಬದಲಾಗುವ ಗುರುತ್ವವನ್ನು, ಕಳೆದು ಗುಮ್ಮಟದಿಂದಾದ ಉಳಿಕೆ ವ್ಯತ್ಯಯವನ್ನು ಪಡೆದ ಮೇಲೆ ಮಾದರಿ ರಚನೆ. ಒಂದೇ ವ್ಯತ್ಯಯವನ್ನು ಆಳದ ಸಣ್ಣ ಕಾಯವೂ, ಮೇಲಿನ ಅಗಲವಾದ ತೆಳುಕಾಯವೂ ಉಂಟುಮಾಡಬಲ್ಲವು. ಗುರುತ್ವದ ಅಳತೆ ಎಷ್ಟೇ ನಿಖರವಾದರೂ ಈ ಅನಿಶ್ಚಿತತೆ ನೀಗುವುದಿಲ್ಲ. ಭೂಕಂಪನ ಚಿತ್ರಣದಲ್ಲಿ ಉಪ್ಪಿನ ಮೇಲ್ಮೈ ಸಾಮಾನ್ಯವಾಗಿ ಸ್ಪಷ್ಟವಾಗಿ ಕಾಣುತ್ತದೆ, ತಳ ಮತ್ತು ಕಡಿದಾದ ಪಾರ್ಶ್ವಗಳು ಮಸುಕಾಗುತ್ತವೆ. ಆದ್ದರಿಂದ ಮೇಲ್ಮೈಯನ್ನು ಭೂಕಂಪನ ದತ್ತಾಂಶದಂತೆ ಸ್ಥಿರಗೊಳಿಸಿ, ಸಾಂದ್ರತೆಯನ್ನು ಬಾವಿಗಳ ದಾಖಲೆಯಂತೆ ಇಟ್ಟು, ತಳದ ಆಕಾರವನ್ನಷ್ಟೇ ಬದಲಿಸುತ್ತ ಅಳತೆಗೆ ಹೊಂದಿಸಬೇಕು. ಬಳಿಕ ಸಾಂದ್ರತೆಯ ವ್ಯತ್ಯಾಸವನ್ನು 0.05 ಗ್ರಾಂನಷ್ಟು ಏರಿಳಿಸಿ ಇಡೀ ಹೊಂದಾಣಿಕೆಯನ್ನು ಮತ್ತೆ ನಡೆಸಿದರೆ, ತಳದ ಆಳಕ್ಕೆ ಒಂದೇ ಅಂಕಿಯ ಬದಲು ಒಂದು ವ್ಯಾಪ್ತಿ ಸಿಗುತ್ತದೆ. ವರದಿಯಲ್ಲಿ ಆ ವ್ಯಾಪ್ತಿಯನ್ನೂ ಬಳಸಿದ ಸಾಂದ್ರತೆಗಳನ್ನೂ ನಮೂದಿಸಬೇಕು.