ಸ್ಟೆಂಟ್ ಆದ ಮೇಲಿನ ಸುಸ್ತು: ಮಗ್ಗಿ ಹೇಳಿಕೊಂಡು ನಡೆದ ನನ್ನ ಅನುಭವ

ಎಲ್‌ಎಡಿಯಲ್ಲಿ (ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳ) ಬ್ಲಾಕ್, ಅದನ್ನು ತೆರೆದಿಡಲು ಒಂದು ಸ್ಟೆಂಟ್ (ಸಣ್ಣ ಬಲೆ ಕೊಳವೆ), ಡಿಸ್ಚಾರ್ಜ್ ಹೊತ್ತಿಗೆ ಇಎಫ್, ಅಂದರೆ ಹೃದಯ ರಕ್ತ ತಳ್ಳುವ ಶಕ್ತಿ, ಶೇಕಡಾ 40ರ ಆಸುಪಾಸು. ಸ್ಟೆಂಟ್ ಹಾಕಿಸಿಕೊಂಡವರಿಗೆ ಇಷ್ಟು ಹೇಳಿದರೆ ಸಾಕು.

ನೋವು ಹೋಯಿತು, ಸುಸ್ತು ಹೋಗಲಿಲ್ಲ. ಸ್ನಾನ ಮಾಡಿ ಬಂದು ಮಂಚದ ಮೇಲೆ ಕೂತು ಸುಧಾರಿಸಿಕೊಂಡು ಆಮೇಲೆ ಅಂಗಿ ಗುಂಡಿ ಹಾಕಬೇಕಿತ್ತು. "ಬ್ಲಾಕ್ ತೆಗೆದಾಯ್ತಲ್ಲ, ಇನ್ನೇನು?" ಅಂತ ಎಲ್ಲರೂ ಕೇಳುವವರೇ. ಪೆಟ್ಟು ತಿಂದ ಹೃದಯದ ಸ್ನಾಯು ಮಾಯಬೇಕಲ್ವಾ?

ಮೊದಲು ದಿನಾ ಅರ್ಧ ಗಂಟೆ ವಾಕಿಂಗ್ ಹಟ ಹಿಡಿದೆ. ಒಂದು ದಿನ ಚೆನ್ನಾಗಿ ನಡೆದರೆ ಎರಡು ದಿನ ಹಾಸಿಗೆ. ಆಮೇಲೆ ಏಳೆಂಟು ಸಾವಿರ ಕೊಟ್ಟು ಸ್ಮಾರ್ಟ್ ವಾಚ್ ತಂದೆ. ಮೆಟೊಪ್ರೊಲಾಲ್ ನುಂಗುವವರಿಗೆ ಅದು ದಂಡ. ಮಾತ್ರೆಯೇ ಬಡಿತ ಏರಲು ಬಿಡುವುದಿಲ್ಲ, ನನಗೆ ಏದುಸಿರು ಬಂದಾಗಲೂ ವಾಚು 90ರ ಮೇಲೆ ಹೋಗುತ್ತಿರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಮಗ್ಗಿ. ನಡೆಯುತ್ತಾ ಬಾಯಿಬಿಟ್ಟು ಹೇಳುವುದು: ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ಒಂದು ಉಸಿರಿಗೆ ಎರಡು ಸಾಲು ಬಂದರೆ ವೇಗ ಸರಿ. ಒಂದೇ ಸಾಲಿಗೆ ಉಸಿರು ಸಾಲದಿದ್ದರೆ ನಿಧಾನ. ಪಟಪಟ ನಾಲ್ಕೈದು ಸಾಲು ಬಂದರೆ ಸ್ವಲ್ಪ ಬೀಸು ಹೆಜ್ಜೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಮೈ ಹಗುರವಾಗಿದ್ದ ದಿನವೂ ಒಂದು ನಿಮಿಷ ಜಾಸ್ತಿ ಇಲ್ಲ. ವಾರಕ್ಕೊಮ್ಮೆ ಮಾತ್ರ ಎರಡು ಮೂರು ನಿಮಿಷ ಸೇರಿಸಿದೆ. "ಮಗ್ಗಿಯಿಂದ ಹಾರ್ಟ್ ವಾಸಿಯಾಗುತ್ತಾ ಭಾವ?" ಅಂತ ನನ್ನ ಭಾಮೈದ ತಿಂಗಳುಗಟ್ಟಲೆ ಕೇಳಿದ. ಈಗ ಕೇಳುವುದಿಲ್ಲ.

ಸುಮ್ನೆ ಕೂತಾಗಲೂ ಉಸಿರು ಸಾಲದಂತೆ ಆಗುತ್ತಿತ್ತು. ಅದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲಾರ್ ಮಾತ್ರೆಯ ಕೆಲಸ. ಡಾಕ್ಟರು ಅದೇ ಬಗೆಯ ಕ್ಲೊಪಿಡೊಗ್ರೆಲ್‌ಗೆ ಬದಲಿಸಿದರು, ಒಂದೆರಡು ವಾರದಲ್ಲಿ ಸರಿಹೋಯಿತು. ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟೀತು. ಮೆಟೊಪ್ರೊಲಾಲನ್ನೂ ಅವರನ್ನು ಕೇಳಿಯೇ ರಾತ್ರಿಗೆ ಹಾಕಿಕೊಂಡೆ, ಬೆಳಗಿನ ಮಂಪರು ಹೋಯಿತು. ಹಿಮೋಗ್ಲೋಬಿನ್, ಕಬ್ಬಿಣಾಂಶ, ಥೈರಾಯ್ಡ್ ಒಮ್ಮೆ ನೋಡಿಸಿ. ನನಗೆ ಕಬ್ಬಿಣ ಕಮ್ಮಿ ಇತ್ತು.

ಬೆಳ್ಳುಳ್ಳಿ, ಶುಂಠಿ, ನಿಂಬೆ ಕುದಿಸಿದ ಆ ಪ್ರಸಿದ್ಧ ಕಷಾಯವನ್ನೂ ಒಂದು ತಿಂಗಳು ಕುಡಿದು ನೋಡಿದೆ. ಹೊಟ್ಟೆ ಉರಿ ಬಂತು, ಬೇರೇನೂ ಇಲ್ಲ. ಹನ್ನೊಂದು ಗಂಟೆಗೆ ಉಪ್ಪು ಕಮ್ಮಿ ಹಾಕಿದ ರಾಗಿ ಅಂಬಲಿ ಮಾತ್ರ ಮಧ್ಯಾಹ್ನದವರೆಗೆ ಸುಸ್ತಾಗದಂತೆ ನೋಡಿಕೊಂಡಿತು.

ದುಡ್ಡಿನ ಮಾತು. 2017ರಿಂದ ಸ್ಟೆಂಟ್ ಬೆಲೆಗೆ ಸರ್ಕಾರದ ಮಿತಿ ಇದೆ, ನನಗೆ ಬಿದ್ದದ್ದು ಮೂವತ್ತು ಚಿಲ್ಲರೆ ಸಾವಿರ. ಆದರೆ ಒಟ್ಟು ಬಿಲ್ಲು ಒಂದೂಮುಕ್ಕಾಲು ಲಕ್ಷದ ಹತ್ತಿರ. ಮಾತ್ರೆಗೆ ತಿಂಗಳಿಗೆ ಎರಡೂವರೆ ಸಾವಿರ ಹೋಗುತ್ತಿತ್ತು. ಮಾತ್ರೆ ಬದಲಾದ ಮೇಲೆ ಡಾಕ್ಟರಿಗೆ ತೋರಿಸಿ ಜನೌಷಧಿ ಕೇಂದ್ರದಲ್ಲಿ ತರಲು ಶುರುಮಾಡಿದೆ, ಈಗ ಐನೂರರ ಒಳಗೆ.

ಏಳೆಂಟು ತಿಂಗಳಿಗೆ ಎಲ್ಲೂ ಕೂರದೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಪೂರ್ತಿ ಸುತ್ತು ಹಾಕಿದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ 50 ದಾಟಿತು. ಡಾಕ್ಟರು ಸರಿ ಅಂದ ಮೇಲೆ ಚಾಮುಂಡಿ ಬೆಟ್ಟ, ಏಳುನೂರು ಮೆಟ್ಟಿಲು, ನಂದಿಯವರೆಗೆ. ಹಾರ್ಟ್ ಪೇಷೆಂಟ್ ಬೆಟ್ಟ ಹತ್ತುತ್ತಾನಾ ಅಂದವರು ಜೊತೆಗೇ ಬಂದಿದ್ದರು, ಅವರೇ ಹಿಂದೆ ಬಿದ್ದರು. ಮೆಟ್ಟಿಲಿಗೆ ಮಗ್ಗಿ ಆಗುವುದಿಲ್ಲ, ಬೇರೆ ಲೆಕ್ಕ ಇದೆ. ಇನ್ನೂ ಒಂದಿಬ್ಬರ ಮೇಲೆ ನೋಡಿ ಆಮೇಲೆ ಹೇಳುತ್ತೇನೆ. ಎದೆ ಬಿಗಿದರೆ, ತಣ್ಣಗೆ ಬೆವರಿದರೆ ಮಾತ್ರ ಯಾವ ಲೆಕ್ಕವೂ ಬೇಡ, 108ಕ್ಕೆ ಫೋನ್ ಮಾಡಿ.